ಬಟ್ಟಲಿನಲ್ಲಿ ಇಪ್ಪತ್ತಾರು ಅಕ್ಷರ

ನಾನು ನಿಂತಿದ್ದು ಬೆಟಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಕಿಟಕಿಗೂ ಹೊಲಿಗೆ ಯಂತ್ರಕ್ಕೂ ನಡುವೆ, ಬೀದಿಗೆ ಮುಖ ಮಾಡಿ. ಅಂದು ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ಹಿಂದಿನ ದಿನ. ಗೋಡೆಯ ಗಡಿಯಾರದಲ್ಲಿ ಬೆಳಗಿನ ಹತ್ತು ಗಂಟೆ ಇಪ್ಪತ್ತು ನಿಮಿಷ. ಆ ಗಡಿಯಾರ ಐದು ನಿಮಿಷ ಮುಂದಿದೆ ಎಂಬುದನ್ನೂ ಈಗಲೇ ಹೇಳಿಬಿಡುತ್ತೇನೆ. ನನ್ನ ಎಡಗೈಯಲ್ಲಿ ಹಲ್ಲುಜ್ಜುವ ಹಳೆಯ ಬ್ರಷ್ಷು, ಬಲಗೈಯಲ್ಲಿ ಮೊಂಡಾದ ಒಂದು ತರಕಾರಿ ಚಾಕು. ಎದುರಿಗೆ ಮೇಜಿನ ಮೇಲೆ ಸೊಸೆಯ ಲ್ಯಾಪ್‌ಟಾಪು. ಯಾರೂ ನನ್ನನ್ನು ಒತ್ತಾಯಿಸಿರಲಿಲ್ಲ, ಯಾರೂ ಆಸೆ ತೋರಿಸಿರಲಿಲ್ಲ. ಬುದ್ಧಿ ಸ್ಥಿಮಿತದಲ್ಲಿತ್ತು ಎಂದೇ ಆಗ ನಂಬಿದ್ದೆ.

ಮಾತನ್ನು ಹೀಗೆ ಆರಂಭಿಸುವುದು ನನಗೆ ಅಂಟಿಕೊಂಡ ಚಟ. ನಾನು ಕೋರ್ಟಿನಲ್ಲಿ ಬೆರಳಚ್ಚುಗಾರನಾಗಿದ್ದವನು. ಮೊದಲು ಧಾರವಾಡದಲ್ಲಿ, ಗದಗ ಬೇರೆ ಜಿಲ್ಲೆಯಾದ ಮೇಲೆ ಇಲ್ಲಿ, ನಡುವೆ ಲಕ್ಷ್ಮೇಶ್ವರದಲ್ಲಿ ಕೆಲವು ವರ್ಷ. ಕಟಕಟೆಯಲ್ಲಿ ನಿಂತವರು ಹೇಳುತ್ತಿದ್ದರು, ನಾನು ಬಡಿಯುತ್ತಿದ್ದೆ. ಎಲ್ಲಿ ನಿಂತಿದ್ದೆ, ಎಷ್ಟು ಹೊತ್ತಾಗಿತ್ತು, ಬೇರೆ ಯಾರು ನೋಡಿದರು ಎಂಬ ಮೂರು ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡುವ ಸಾಕ್ಷಿ ಸಿಗುವುದು ಅಪರೂಪ. ಶಿರಹಟ್ಟಿ ಕಡೆಯ ಒಬ್ಬ ಮುದುಕ, ತನ್ನ ಎಮ್ಮೆ ಹೋದ ದಿನ ಯಾವುದೆಂದು ಕೇಳಿದರೆ, 'ಎಮ್ಮಿ ಹೋತಲ್ರಿ ಸಾಹೇಬ್ರ, ಅದ ದಿನ' ಎಂದಿದ್ದ. ಅಂಥವರನ್ನು ಕಂಡು ನಾನು ಯಂತ್ರದ ಹಿಂದೆ ಕುಳಿತು ಮೀಸೆಯಲ್ಲಿ ನಗುತ್ತಿದ್ದೆ. ಅವರಾದರೂ ಕಳೆದುಕೊಂಡದ್ದು ಏನೆಂದು ಖಚಿತವಾಗಿ ಹೇಳುತ್ತಿದ್ದರು ಎಂಬುದು ಈಗ ಹೊಳೆಯುತ್ತಿದೆ.

ಸೊಸೆ ಸುಮಂಗಲಾ ಲಗ್ನಪತ್ರಿಕೆಗಳ ಮಜಕೂರನ್ನು, ಅಂದರೆ ಒಳಗಿನ ಬರಹವನ್ನು, ಜೋಡಿಸಿ, ಅಂದ ಮಾಡಿ, ಪ್ರೆಸ್ಸಿಗೆ ಕಳಿಸುವ ಕೆಲಸ ಮಾಡುತ್ತಾಳೆ. ಮೊದಲು ಗದಗದ ಒಂದು ಅಂಗಡಿಯಲ್ಲಿ ಮಾಡುತ್ತಿದ್ದಳು. ಆಗಷ್ಟೇ ಅದನ್ನು ಬಿಟ್ಟು ಮನೆಯಲ್ಲಿ ಸ್ವಂತ ಶುರುಮಾಡಿದ್ದಳು. ಮೊದಲ ಗಿರಾಕಿ ಹಿರೇವಡ್ಡಟ್ಟಿಯ ಗೌಡರು. ಮಗಳ ಲಗ್ನ ದೀಪಾವಳಿ ಆದಮೇಲೆ. ಆದರೆ ಗೌಡರ ಲೆಕ್ಕವೇ ಬೇರೆ. ದಸರೆಗೆ ಬನ್ನಿ ಕೊಡಲು ಹೇಗೂ ಮನೆಮನೆಗೆ ಹೋಗಬೇಕು. ಬನ್ನಿಯ ಜೊತೆಗೇ ಪತ್ರಿಕೆಯನ್ನೂ ಕೊಟ್ಟರೆ ಒಂದೇ ಸುತ್ತಿನಲ್ಲಿ ಎರಡು ಕೆಲಸ. ಖಂಡೇಪೂಜೆಯ ದಿನ ಪ್ರೆಸ್ಸಿನ ಯಂತ್ರಗಳನ್ನು ತೊಳೆದು ಪೂಜೆಗೆ ಕೂರಿಸಿಬಿಡುತ್ತಾರೆ, ಆಮೇಲೆ ಎರಡು ದಿನ ಯಾರೂ ಮುಟ್ಟುವುದಿಲ್ಲ. ಆದ್ದರಿಂದ ಮಜಕೂರು ಅಂದೇ ಸಂಜೆ ನಾಲ್ಕರೊಳಗೆ ಪ್ರೆಸ್ಸು ಸೇರಬೇಕು. ಸೇರದಿದ್ದರೆ ಗೌಡರು ಹಳೆಯ ಅಂಗಡಿಗೆ ಹೋಗುತ್ತಾರೆ, ಅವರ ಹಿಂದೆ ಅವರ ನಾಲ್ಕು ಜನ ತಮ್ಮಂದಿರೂ ಹೋಗುತ್ತಾರೆ. ಸುಮಂಗಲೆಯ ಸ್ವಂತ ಉದ್ಯೋಗ ಅಲ್ಲಿಗೆ ಮುಗಿಯುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಲಾರೆ.

ಲ್ಯಾಪ್‌ಟಾಪಿನ ಕೆಲವು ಕೀಲಿಗಳು ಒತ್ತಿದರೆ ಕೆಳಗೆ ಹೋಗುತ್ತಿದ್ದವು, ಮೇಲೆ ಬರಲು ಹಟ ಮಾಡುತ್ತಿದ್ದವು. ಕಾರಣವೂ ನಾನೇ. ಸಂಜೆ ಅದರಲ್ಲಿ ಸುದ್ದಿ ಓದುತ್ತ ಚುರುಮುರಿಯ ಗಿರ್ಮಿಟ್ ತಿನ್ನುವುದು ನನ್ನ ರೂಢಿ. ಗಿರ್ಮಿಟ್ಟನ್ನು ಚೆಲ್ಲದೆ ತಿನ್ನುವ ಮನುಷ್ಯ ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಅಂದು ಬೆಳಿಗ್ಗೆ ಸುಮಂಗಲಾ ಪತ್ರಿಕೆಯ ಕಾಗದದ ಮಾದರಿ ತರಲು ಗದಗಕ್ಕೆ ಹೊರಟಿದ್ದಳು. ನಾನು ಕುಡುಗೋಲು, ಈಳಿಗೆ, ಸೈಕಲ್ಲುಗಳನ್ನು ಪೂಜೆಗೆಂದು ತೊಳೆದಿಟ್ಟದ್ದನ್ನು ನೋಡಿದಳು. ನನ್ನ ಕಣ್ಣು ಮೇಜಿನ ಕಡೆ ತಿರುಗಿದ್ದನ್ನೂ ನೋಡಿದಳು.

"ಮಾವಾರ, ಅದನ್ನ ನಾ ಬಂದ ಮ್ಯಾಲೆ ಸ್ವಚ್ಛ ಮಾಡ್ತೀನ್ರಿ."

"ಪೂಜಿಗೆ ಇಡೂದಲ್ಲೇನವ್ವಾ? ಮನಿಯೊಳಗ ದುಡಿಯೋ ಹತ್ಯಾರ ಈಗ ಅದ ಐತಿ."

ಅವಳಿಗೆ ಬಸ್ಸಿನ ಹೊತ್ತಾಗಿತ್ತು. "ಹಂಗಾರ ಇಷ್ಟ ಮಾಡ್ರಿ. ಬಂದ್ ಮಾಡಿ ಚಾರ್ಜರ್ ತಗೀರಿ. ಡಬ್ಬ ಹಾಕಿ ಸಣ್ಣಗ ತಟ್ರಿ. ಮೆತ್ತನ್ನ ಬ್ರಷ್ ಆಡಸ್ರಿ. ಅರಿವಿ ಒದ್ದಿ ಮಾಡಿ, ಗಟ್ಟಿ ಹಿಂಡಿ, ಮ್ಯಾಲೆ ಒರಸ್ರಿ. ನೀರು ಮಾತ್ರ ಒಂದು ಹನಿ ಬೀಳಬಾರದ್ರಿ. ಏನೂ ಕೀಳಬ್ಯಾಡ್ರಿ."

ಒಳಗಿನಿಂದ ನನ್ನ ಹೆಂಡತಿ ಗಿರಿಜಾ, "ಆಕಿ ಹೇಳಿದಷ್ಟ ಮಾಡ್ರಿ, ನಿಮ್ಮ ಶಾಣ್ಯಾತನ ಕೂಡಿಸಬ್ಯಾಡ್ರಿ" ಎಂದಳು.

ನಾನು ಬಂದ್ ಮಾಡಿದೆ. ಚಾರ್ಜರ್ ತೆಗೆದೆ. ಬೋರಲು ಹಾಕಿ ತಟ್ಟಿದೆ. ಒಂದು ಸಾಸಿವೆ ಕಾಳು ಬಿತ್ತು. ನಿಯಮದ ಪ್ರಕಾರ ನಡೆದದ್ದು ಇಷ್ಟೇ. ಅಲ್ಲಿಂದ ಮುಂದೆ ನನ್ನನ್ನು ನಡೆಸಿದ್ದು ಕೋರ್ಟಿನ ಪದ್ಧತಿ. ನಮ್ಮಲ್ಲಿ ಖಂಡೇಪೂಜೆಯ ಮುನ್ನಾದಿನ ಟೈಪ್‌ರೈಟರನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಮತ್ತೆ ಜೋಡಿಸಿದರೆ ಮಾತ್ರ ಅದು ಸ್ವಚ್ಛವಾದಂತೆ. ಮೇಲೆ ಮೇಲೆ ಒರೆಸುವವನನ್ನು ಜವಾನನೂ ಗೌರವಿಸುತ್ತಿರಲಿಲ್ಲ. ನಾನು ಚಾಕುವಿನ ತುದಿಯನ್ನು ಒಂದು ಅಕ್ಷರದ ಕೆಳಗೆ ತೂರಿಸಿ ಮೆಲ್ಲಗೆ ಎತ್ತಿದೆ. ಟಕ್ ಎಂದು ಬಂತು. ಆ ಸದ್ದು ಬಹಳ ಹಿತವಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಒಂದಾದ ಮೇಲೆ ಒಂದರಂತೆ ಇಪ್ಪತ್ತಾರನ್ನೂ ಎತ್ತಿದೆ. ಅಂಕಿಗಳನ್ನೂ ಉದ್ದನೆಯ ಪಟ್ಟಿಯನ್ನೂ ಮುಟ್ಟಲಿಲ್ಲ. ಕೆಳಗೆ ಚುರುಮುರಿ ಪುಡಿ, ಪುಠಾಣಿ ಹಿಟ್ಟು, ಉಳ್ಳಾಗಡ್ಡಿಯ ಸಿಪ್ಪೆ, ಒಣಗಿದ ಕೊತ್ತಂಬರಿ ಎಲೆ ಇದ್ದವು. ಗಿರ್ಮಿಟ್ಟಿಗೆ ಬೇಕಾದದ್ದೆಲ್ಲ ಇತ್ತು, ಹಸಿಮೆಣಸಿನಕಾಯಿ ಒಂದನ್ನು ಹೊರಗಿನಿಂದ ತರಬೇಕಿತ್ತು. ಒಣ ಬ್ರಷ್ಷಿನಿಂದ ಎಲ್ಲವನ್ನೂ ಗುಡಿಸಿದೆ. ಅಕ್ಷರಗಳನ್ನು ಒಂದು ಸ್ಟೀಲಿನ ಬಟ್ಟಲಿಗೆ ಹಾಕಿ, ಸೋಪಿನ ನೀರಿನಲ್ಲಿ ತೊಳೆದು, ಹೆಗಲ ಮೇಲಿನ ಪಂಜಿಯಲ್ಲಿ ಒರೆಸಿ, ಬಿಸಿಲಿಗಿಟ್ಟು ಒಣಗಿಸಿ, ಮತ್ತೆ ಅದೇ ಬಟ್ಟಲಿಗೆ ಸುರುವಿದೆ. ಯಾವುದು ಎಲ್ಲಿತ್ತೆಂದು ಬರೆದಿಟ್ಟುಕೊಳ್ಳಲಿಲ್ಲ. ಜೀವಮಾನವೆಲ್ಲ ಅವುಗಳ ಮೇಲೆ ಬೆರಳಾಡಿಸಿದವನು ಬರೆದಿಟ್ಟುಕೊಳ್ಳುವುದೆಂದರೆ, ತನ್ನ ಮನೆಯ ವಿಳಾಸವನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದಂತೆ ಎಂದು ನನಗೆ ಅನಿಸಿತ್ತು.

ಎ, ಎಸ್, ಡಿ, ಎಫ್ ಎಂದು ನಡುವಿನ ಸಾಲು ಸರಾಗವಾಗಿ ಬಂತು. ಟೈಪಿಂಗ್ ಕಲಿಯುವಾಗ ಬಾಯಿಪಾಠ ಮಾಡಿಸಿದ್ದು ಅದೊಂದನ್ನೇ. ಒಂಬತ್ತು ಅಕ್ಷರ ಕುಳಿತವು. ಹತ್ತನೆಯದಾಗಿ 'ಬಿ' ಕೈಗೆ ಬಂತು. ಅದನ್ನು ಹಿಡಿದುಕೊಂಡು ನಾನು ನಿಂತೇ ಇದ್ದೆ. ಗಡಿಯಾರದ ಪ್ರಕಾರ ನಾಲ್ಕು ನಿಮಿಷ. ಮೇಲಿನ ಸಾಲೋ ಕೆಳಗಿನ ಸಾಲೋ, ಎಡಕ್ಕೋ ಬಲಕ್ಕೋ, ಒಂದೂ ತಿಳಿಯಲಿಲ್ಲ. ನಮ್ಮ ಟೈಪಿಂಗ್ ಮಾಸ್ತರರು ಕೀಲಿಗಳ ಮೇಲೆಲ್ಲ ಕಾಗದ ಅಂಟಿಸಿ ಕಲಿಸಿದ್ದರು. ಕೆಳಗೆ ನೋಡಿದವನ ತಲೆಗೆ ರೂಲುದೊಣ್ಣೆ ಬೀಳುತ್ತಿತ್ತು. ನಾನು ಒಮ್ಮೆಯೂ ಪೆಟ್ಟು ತಿಂದವನಲ್ಲ. ಅಂದರೆ ಒಮ್ಮೆಯೂ ನೋಡಿದವನಲ್ಲ. ಅಕ್ಷರಗಳ ವಿಳಾಸ ನನ್ನ ಬೆರಳುಗಳಿಗೆ ಗೊತ್ತಿತ್ತು, ಅವು ಎಂದೂ ನನಗೆ ಹೇಳಿರಲಿಲ್ಲ. ಕೀಲಿಗಳೆಲ್ಲ ಒಂದೇ ಅಳತೆಯವು, ಎಲ್ಲಿ ಕೂರಿಸಿದರೂ ಕೂರುತ್ತವೆ. ಬೇರೆ ಬೇರೆ ಅಳತೆಯವಾಗಿದ್ದರೆ ಅವೇ ನನ್ನನ್ನು ತಿದ್ದುತ್ತಿದ್ದವು.

ಹನ್ನೊಂದೂವರೆಗೆ ಹಿರೇವಡ್ಡಟ್ಟಿಯ ಗೌಡರು ಬಂದರು. ಕೈಯಲ್ಲಿ ಹೆಸರಿನ ಪಟ್ಟಿ. ಸ್ವಾಗತ ಬಯಸುವವರು, ಆಶೀರ್ವದಿಸುವವರು, ಸೋದರಮಾವಂದಿರು ಎಲ್ಲ ಸೇರಿ ಅರವತ್ಮೂರು ಜನ. "ಒಂದು ಹೆಸರು ಬಿಟ್ರ ಒಂದು ಮನಿ ಬಿಟ್ಹಂಗ್ರಿ ಸಾಹೇಬ್ರ" ಎನ್ನುತ್ತ ಕುಳಿತವರು, ಮೇಜಿನ ಮೇಲಿನದನ್ನು ನೋಡಿ ಅತ್ತ ಬಗ್ಗಿದರು.

"ಇದೇನ್ರಿ, ಹಲ್ಲ ಕಿತ್ತಂಗ ಕಾಣ್ತೈತಿ?"

"ಸ್ವಚ್ಛ ಮಾಡಾಕ ತಗದೀನ್ರಿ."

"ಹಾಕಾಕ ಬರ್ತೈತೋ?"

ನಾನು ಒಳಗೆ ಮುಖ ಮಾಡಿ ಚಹಾ ಮಾಡಲು ಹೇಳಿದೆ. ಗಿರಿಜಾ ಚಹಾ ತಂದು, ಬಟ್ಟಲನ್ನು ನೋಡಿ, ನನ್ನನ್ನು ನೋಡಿ, ಗೌಡರಿಗೆ ಮಾತ್ರ ಚಹಾ ಕೊಟ್ಟು ಒಳಗೆ ಹೋದಳು.

ಅಷ್ಟರಲ್ಲಿ ಮೌಲಾಸಾಬ ಬಂದ. ಅವನು ಕೋರ್ಟಿನ ಟೈಪ್‌ರೈಟರುಗಳನ್ನು ರಿಪೇರಿ ಮಾಡುತ್ತಿದ್ದವನು, ನನ್ನ ಹಳೆಯ ಸ್ನೇಹಿತ. ಟೈಪ್‌ರೈಟರುಗಳು ಹೋದ ಮೇಲೆ ಹೊಲಿಗೆ ಯಂತ್ರ ಹಿಡಿದಿದ್ದಾನೆ. ವರ್ಷವೂ ಖಂಡೇಪೂಜೆಗೆ ಮುಂಚೆ ಬಂದು ನಮ್ಮ ಮನೆಯ ಯಂತ್ರಕ್ಕೆ ಎಣ್ಣೆ ಬಿಡುತ್ತಾನೆ. ಅವನಿಗೆ ಎಲ್ಲವನ್ನೂ ಹೇಳಿದೆ. ಅವನು ನಗಲಿಲ್ಲ, ಯಂತ್ರದ ವಿಷಯದಲ್ಲಿ ಅವನು ನಗುವುದಿಲ್ಲ.

"ನಿಮಗ ಗೊತ್ತಿಲ್ಲ ಖರೆ. ನಿಮ್ಮ ಬೆರಳಿಗೆ ಗೊತ್ತೈತಿ. ಬೆರಳನ್ನ ಕೇಳೂಣ್ರಿ" ಎಂದ. "ಕಣ್ಣ ಮುಚ್ರಿ. 'ಬಿ' ಬಡೀರಿ."

ಕಣ್ಣು ಮುಚ್ಚಿದೆ. ಬೆರಳು ಅಲ್ಲಾಡಲಿಲ್ಲ. ಒಂದೊಂದೇ ಅಕ್ಷರ ಕೇಳಿದರೆ ಅದು ನನ್ನಷ್ಟೇ ದಡ್ಡ. ಪೂರ್ತಿ ಸಾಲನ್ನು ಹಳೆಯ ವೇಗದಲ್ಲಿ ಹೊಡೆದರೆ ಮಾತ್ರ ಅದಕ್ಕೆ ಜ್ಞಾನ ಬರುತ್ತದೆ ಎಂಬುದನ್ನು ಮೂರನೆಯ ಸಲಕ್ಕೆ ಕಂಡುಕೊಂಡೆವು. ನಾನು ಸಾವಿರಾರು ಸಲ ಬಡಿದ ಇಂಗ್ಲಿಷ್ ಪ್ರಮಾಣಪತ್ರದ ಮೊದಲ ಸಾಲು, 'ಐ ಡು ಹಿಯರ್‌ಬೈ ಸಾಲೆಮ್‌ನ್ಲಿ ಅಫರ್ಮ್'. ಅದನ್ನು ಬಡಿಯತೊಡಗಿದೆ. ನಾನು ಬಾಯಲ್ಲಿ ಅಕ್ಷರ ಹೇಳುತ್ತ ಹೋಗಬೇಕು, ಬೇಕಾದದ್ದು ಬಂದೊಡನೆ ಮೌಲಾಸಾಬ ನನ್ನ ಬೆರಳನ್ನು ಕೋಳಿ ಹಿಡಿದಂತೆ ಹಿಡಿಯಬೇಕು, ಅದರ ಕೆಳಗಿನ ಗುಳಿಯಲ್ಲಿ ಆ ಕೀಲಿಯನ್ನು ಒತ್ತಬೇಕು. ನಾನು ನಡುನಡುವೆ ಇಣುಕುತ್ತಿದ್ದೆ, ಇಣುಕಿದರೆ ಬೆರಳು ತಡವರಿಸುತ್ತಿತ್ತು. ಮೌಲಾಸಾಬ ಅದೇ ಪಂಜಿಯನ್ನು ನನ್ನ ಕಣ್ಣಿಗೆ ಬಿಗಿಯಾಗಿ ಕಟ್ಟಿದ. ಗೌಡರು ಚಹಾ ಬಿಟ್ಟು ಕುರ್ಚಿಯನ್ನು ಹತ್ತಿರ ಎಳೆದುಕೊಂಡ ಸದ್ದು ಕೇಳಿಸಿತು.

"ಕಣ್ಣ ಕಟ್ಟಿಗೊಂಡು ಮಾಡೂದನ್ನ ಜಾದೂದಾಗ ನೋಡಿದ್ದೆ" ಎಂದರು ಗೌಡರು.

"ಸರಕಾರಿ ನೌಕ್ರಿದಾಗೂ ಹಿಂಗ ಮಾಡ್ತಾರ್ರಿ ಗೌಡ್ರ. ಅಲ್ಲೆ ಪಂಜಿ ಇರಂಗಿಲ್ಲ, ಅಷ್ಟ" ಎಂದ ಮೌಲಾಸಾಬ.

ಆ ಸಾಲಿನಿಂದ ಎಂಟು ಅಕ್ಷರ ಸಿಕ್ಕವು. ಮೊದಲಿನ ಒಂಬತ್ತು ಸೇರಿ ಹದಿನೇಳು. ಮುಂದಿನ ಸಾಲು ಯಾವುದಾಗಬೇಕೆಂದು ನಾನು ಯೋಚಿಸುತ್ತಿದ್ದಾಗ ಗೌಡರ ಕುರ್ಚಿ ಹಿಂದಕ್ಕೆ ಸರಿಯಿತು. ಕಣ್ಣು ಕಟ್ಟಿದ್ದರಿಂದ ನಾನು ನೋಡಿಲ್ಲ, ಕೇಳಿದ್ದನ್ನಷ್ಟೇ ಹೇಳುತ್ತೇನೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದು. ಕಾಗದದ ಕಟ್ಟು ನೆಲಕ್ಕೆ ಇಟ್ಟ ಸದ್ದು.

"ಮಾವಾರ" ಎಂದಳು ಸುಮಂಗಲಾ. ಸ್ವರ ಏರಿರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ಎಷ್ಟು ಉಳದಾವ್ರಿ?"

"ಒಂಬತ್ತವ್ವಾ."

ನಾನು ಪಂಜಿ ಬಿಚ್ಚಿದೆ. ಗಡಿಯಾರದಲ್ಲಿ ಒಂದು ಗಂಟೆಯಾಗಿತ್ತು. ಅವಳು ಸೆರಗಿಗೆ ಕೈ ಒರೆಸಿಕೊಂಡು ಮೊಬೈಲು ತೆಗೆದಳು, ಯಾರಿಗೋ ಸಂದೇಶ ಬರೆಯುವವಳಂತೆ ಒಂದು ಕಡೆ ಒತ್ತಿ, ಅದನ್ನು ಲ್ಯಾಪ್‌ಟಾಪಿನ ಪಕ್ಕದಲ್ಲಿಟ್ಟಳು. ಮೊಬೈಲಿನ ಪರದೆಯ ಮೇಲೆ ಇಪ್ಪತ್ತಾರೂ ಅಕ್ಷರಗಳು ತಮ್ಮ ತಮ್ಮ ಸಾಲಿನಲ್ಲಿ, ತಮ್ಮ ತಮ್ಮ ಜಾಗದಲ್ಲಿ ಕುಳಿತಿದ್ದವು.

ನಮ್ಮ ಮೂವರ ವಯಸ್ಸು ಸೇರಿಸಿದರೆ ಇನ್ನೂರಕ್ಕೆ ತುಸು ಕಡಿಮೆ. ಮೂವರ ಅಂಗಿಯ ಜೇಬಿನಲ್ಲೂ ಒಂದೊಂದು ಮೊಬೈಲಿತ್ತು. ಗೌಡರು ತಮ್ಮದನ್ನು ತೆಗೆದು, ಅದರಲ್ಲೂ ಹಾಗೆಯೇ ಇದೆಯೇ ಎಂದು ನೋಡಿ, ಇದೆ ಎಂದು ಖಾತ್ರಿಯಾದ ಮೇಲೆ ಮತ್ತೆ ಜೇಬಿಗಿಟ್ಟುಕೊಂಡರು.

ಅವಳು ಒಂಬತ್ತನ್ನೂ ಕೂರಿಸಲು ಹಿಡಿದದ್ದು ಎರಡು ನಿಮಿಷ. ನಾವು ಕೂರಿಸಿದ್ದನ್ನೂ ನೋಡಿದಳು. 'ಬಿ' ಮತ್ತು 'ಎನ್' ಅದಲುಬದಲಾಗಿದ್ದವು. ಅದು ಮೌಲಾಸಾಬನ ಕೈ ತಪ್ಪೆಂದು ನಾನು ಇಂದಿಗೂ ಹೇಳುತ್ತೇನೆ, ನನ್ನ ಬೆರಳಿನ ತಪ್ಪೆಂದು ಅವನು. 'ಝಡ್' ಕೆಳಗಿನ ಕೊಂಡಿ ನನ್ನ ಚಾಕುವಿಗೆ ಮುರಿದಿತ್ತು. ಅದು ಸಡಿಲಾಗಿಯೇ ಕುಳಿತಿತು. ಆಮೇಲೆ ಅವಳು ಸ್ವಿಚ್ಚು ಒತ್ತಿದಳು. ಪರದೆ ಬೆಳಗುವವರೆಗಿನ ಆ ಹೊತ್ತನ್ನು ನಾನು ಅಳೆದಿಲ್ಲ. ಅಷ್ಟೂ ಹೊತ್ತು ನನ್ನ ಕಣ್ಣು ಅವಳ ಮುಖದ ಮೇಲಿತ್ತು. ಬೆಳಗಿತು. ಕೀಲಿಗಳೆಲ್ಲ ಕೆಳಗೆ ಹೋಗಿ ಮೇಲೆ ಬಂದವು.

ಸುಮಂಗಲಾ ಎರಡೇ ಬೆರಳಿನಲ್ಲಿ, ಪ್ರತಿ ಅಕ್ಷರವನ್ನೂ ನೋಡಿ ನೋಡಿ ಒತ್ತುವವಳು. ಅದನ್ನು ಕಂಡಾಗಲೆಲ್ಲ ನನ್ನೊಳಗಿನ ಬೆರಳಚ್ಚುಗಾರ ಮುಖ ತಿರುಗಿಸುತ್ತಿದ್ದ. ಅಂದು ಗೌಡರು ಹೆಸರು ಓದುತ್ತ ಹೋದರು, ಅವಳು ಕೋಳಿ ಕಾಳು ಹೆಕ್ಕಿದಂತೆ ಹೆಕ್ಕುತ್ತ ಹೋದಳು. ಅರವತ್ಮೂರು ಹೆಸರು. ತಪ್ಪು ಹುಡುಕಲು ನನಗೆ ಕೊಟ್ಟರು, ಎರಡು ಸಲ ಓದಿದೆ, ಒಂದೂ ಸಿಗಲಿಲ್ಲ. ಮೂರು ಗಂಟೆ ನಲವತ್ತು ನಿಮಿಷಕ್ಕೆ ಮಜಕೂರು ಪ್ರೆಸ್ಸಿಗೆ ಹೋಯಿತು. ಅಲ್ಲಿ ಆಗಲೇ ತೊಳೆಯಲು ನೀರು ಕಾಯಿಸುತ್ತಿದ್ದರಂತೆ. ಗೌಡರು ಏಳುವಾಗ, "ನಮ್ಮ ತಮ್ಮನ ಮಗಂದೂ ಐತವ್ವಾ, ಮಾಘದಾಗ. ನಿನಗ ಕೊಡ್ತೀನಿ" ಎಂದರು. ಬಾಗಿಲಲ್ಲಿ ನಿಂತು ಒಂದು ಮಾತು ಕೂಡಿಸಿದರು: "ಅವತ್ತ ಸಾಹೇಬ್ರನ್ನ ಎಲ್ಲ್ಯರ ಊರಿಗೆ ಕಳಸು."

ದಸರೆಯಲ್ಲಿ ಗೌಡರು ಬನ್ನಿಯ ಜೊತೆ ಪತ್ರಿಕೆಯನ್ನೂ, ಪತ್ರಿಕೆಯ ಜೊತೆ ಈ ಸಂಗತಿಯನ್ನೂ ಮನೆಮನೆಗೆ ಮುಟ್ಟಿಸಿದರು. ಮುಂಡರಗಿ ತಾಲ್ಲೂಕಿನ ಬಸ್ಸಿನಲ್ಲಿ ನನ್ನನ್ನು ಕಂಡು, ನಾನು ಅರಿಯದ ಜನ ಜೇಬಿನಿಂದ ಮೊಬೈಲು ತೆಗೆದು ತೋರಿಸುತ್ತಾರೆ. ಹೀಗಾಗಿಯೇ ನಡೆದದ್ದನ್ನು ನಡೆದಂತೆ ಒಮ್ಮೆ ಬರೆದಿಡಬೇಕೆನಿಸಿತು.

ಇದನ್ನು ಕಣ್ಣಾರೆ ಕಂಡವರು: ಹಿರೇವಡ್ಡಟ್ಟಿಯ ಗೌಡರು, ಮೌಲಾಸಾಬ, ನನ್ನ ಹೆಂಡತಿ ಗಿರಿಜಾ, ಸೊಸೆ ಸುಮಂಗಲಾ. ನಾಲ್ವರೂ ಬದುಕಿದ್ದಾರೆ, ಗಟ್ಟಿಮುಟ್ಟಾಗಿದ್ದಾರೆ, ಕೇಳಿದವರಿಗೆ ಮಾತ್ರವಲ್ಲ, ಕೇಳದವರಿಗೂ ಹೇಳುತ್ತಾರೆ. ಒಂದು ಘಟನೆಯನ್ನು ಕಂಡ ನಾಲ್ಕು ಸಾಕ್ಷಿಗಳು ಅಕ್ಷರ ವ್ಯತ್ಯಾಸವಿಲ್ಲದೆ ಒಂದೇ ಮಾತು ಹೇಳುವುದನ್ನು ನನ್ನ ಸೇವೆಯ ಅಷ್ಟೂ ವರ್ಷಗಳಲ್ಲಿ ನಾನು ಕಂಡಿರಲಿಲ್ಲ. ಬೇರೆ ಹೇಳುವವನು ನಾನೊಬ್ಬನೇ, ಅದೂ 'ಬಿ' ಮತ್ತು 'ಎನ್' ವಿಷಯದಲ್ಲಿ ಮಾತ್ರ. ಆ ಹೊತ್ತಿನಲ್ಲಿ ನನ್ನ ಕಣ್ಣಿಗೆ ಪಂಜಿ ಕಟ್ಟಿತ್ತು.