ಎರಡು ಸಲ ಕರೆದ ಪಿಯಾನೋ

ಚರ್ಚಾಸ್ಪರ್ಧೆಗಳಲ್ಲಿ ಬೆಳೆದವರಿಗೆ ಒಂದು ಕೆಟ್ಟ ಚಟ ಇರುತ್ತದೆ: ಎದುರಿನವರ ಮಾತಿನಿಂದಲೇ ಎದುರಿನವರನ್ನು ಕಟ್ಟಿಹಾಕುವುದು. ಹೆಣ್ಣು ನೋಡಲು ಹೋದಲ್ಲಿ ಜಾತಕದ ವಿಷಯಕ್ಕೆ ಹುಡುಗಿಯ ತಂದೆಯೊಡನೆ ವಾದಕ್ಕಿಳಿದು, ಗೆದ್ದು, ಉಪ್ಪಿಟ್ಟನ್ನೂ ಮುಗಿಸಿ, ಸಂಬಂಧ ಕಳೆದುಕೊಂಡು ಬಂದವನು ನಾನು. ಆದರೂ ಬುದ್ಧಿ ಬಂದಿರಲಿಲ್ಲ ಎನ್ನುವುದಕ್ಕೆ ನಮ್ಮ ಶಾಲೆಯ ಪಿಯಾನೋ ಸಾಕ್ಷಿ.

ಕೂಡ್ಲಿಗಿಯ ನಮ್ಮ ಶಾಲೆಯ ಪ್ರಾರ್ಥನಾ ಹಾಲ್‌ನಲ್ಲಿ ಗೋಡೆಗೆ ಆನಿಸಿಟ್ಟ ಹಳೆಯ ಪಿಯಾನೋ ಅದು. ಸಂಗೀತದ ಮೇಡಂ ತೀರಿಕೊಂಡ ಮೇಲೆ ಮುಚ್ಚಿಯೇ ಇತ್ತು. ಈ ವರ್ಷ ತೆರೆದರೆ, ನಡುವಿನ ಒಂದು ಬಿಳಿ ಕೀ ಒಮ್ಮೆ ಒತ್ತಿದ್ದಕ್ಕೆ ಎರಡು ಸಲ ನುಡಿಯಿತು. ಟಣ್. ಬೆನ್ನಿಗೇ, ಮೆಲ್ಲಗೆ, ಇನ್ನೊಂದು ಟಣ್. ಒಳಗಿನಿಂದ ಯಾರೋ ಉತ್ತರ ಕೊಟ್ಟ ಹಾಗೆ. ಮಕ್ಕಳು ಬಾಗಿಲಾಚೆಯೇ ನಿಂತರು. ಕಸ ಗುಡಿಸುವ ಹನುಮಕ್ಕ ಹೊಸ್ತಿಲಲ್ಲೇ ಪೊರಕೆ ಇಟ್ಟರು. “ಮೇಡಮ್ಮರು ಒಳಗ ಅದಾರ್ರಿ ಸರ. ನಾ ಒಲ್ಲೆ.”

ಮುಖ್ಯೋಪಾಧ್ಯಾಯಿನಿ ತೀರ್ಪು ಕೊಟ್ಟರು: “ಶನಿವಾರದೊಳಗ ಅದು ಒಂದ ಸಲ ನುಡೀಬೇಕು. ಇಲ್ಲಂದ್ರ ಗುಜರಿಯವ್ನ ಕರಸ್ತೀನಿ.” ದೆವ್ವವಿಲ್ಲ ಎಂದು ಏಳನೇ ತರಗತಿಯ ಮುಂದೆ ಮೇಜು ಗುದ್ದಿದ್ದ ವಿಜ್ಞಾನದ ಮೇಷ್ಟ್ರು ನಾನು. ಪಿಯಾನೋ ಗುಜರಿಗೆ ಹೋದರೆ ಗೆದ್ದದ್ದು ದೆವ್ವವೇ ಎಂದಾಗುತ್ತಿತ್ತು.

ಮೊದಲು ಹನುಮಕ್ಕನನ್ನು ಹಿಡಿದೆ. “ಹೊತ್ತು ಮುಳುಗಿದ ಮ್ಯಾಲೆ ಹೊರಗಿಂದ ಯಾರಾದ್ರೂ ಕರೆದ್ರ ಏನ್ ಮಾಡ್ತೀರಿ?”

“ಒಂದ ಸಲಕ್ಕ ಓ ಅನ್ನಂಗಿಲ್ರಿ. ದೆವ್ವ ಒಂದ ಸಲ ಕರೀತೈತಿ. ಎರಡನೇ ಸಲ ಕರೆದ್ರ ಮನುಷ್ಯಾರು.”

“ಇದು ಎಷ್ಟು ಸಲ ಕರೀತೈತಿ?”

ಹನುಮಕ್ಕ ಬೆರಳು ಮಡಚಿ ನೋಡಿದರು. “ಎರಡು... ಹೌದಲ್ರಿ!” ಪೊರಕೆ ಎತ್ತಿಕೊಂಡು ಒಳಗೆ ಬಂದೇಬಿಟ್ಟರು. ನನ್ನ ಮೀಸೆ ಒಂದು ಸುತ್ತು ತಾನಾಗಿ ತಿರುಗಿತು.

ಶುಕ್ರವಾರ ಮಧ್ಯಾಹ್ನ, ಹುಬ್ಬಳ್ಳಿಯ ರಿಪೇರಿಯವರೊಬ್ಬರು ಫೋನಿನಲ್ಲಿ ಹೇಳಿಕೊಟ್ಟಂತೆ, ಮುಂದಿನ ಹಲಗೆ ಬಿಚ್ಚಿದೆ. ಒಳಗೆ ಎಂಬತ್ತಕ್ಕೂ ಮೀರಿದ ಪುಟ್ಟ ಸುತ್ತಿಗೆಗಳು, ಪ್ರಾರ್ಥನೆಗೆ ನಿಂತ ಮಕ್ಕಳಂತೆ ಸಾಲಾಗಿ, ನನಗೆ ಬೆನ್ನು ಹಾಕಿ ನಿಂತಿದ್ದವು. ಒಂದೂ ಅಲುಗುತ್ತಿರಲಿಲ್ಲ. ಯಾಕೋ ನಾನೂ ಉಸಿರು ಹಿಡಿದೆ. ದೋಷ ಸರಳವಾಗಿತ್ತು: ಸುತ್ತಿಗೆ ತಂತಿಗೆ ಬಡಿದು ಹಿಂದಕ್ಕೆ ಬಂದಾಗ ಅದನ್ನು ತಡೆದು ಹಿಡಿಯಲು ಸರಿಗೆಯ ತುದಿಯಲ್ಲೊಂದು ಮೆತ್ತೆಯಿದೆ. ಆ ಸರಿಗೆ ಬಾಗಿ ದೂರ ಸರಿದಿತ್ತು. ಹಿಡಿಯುವವರಿಲ್ಲದ ಸುತ್ತಿಗೆ ಪುಟಿದು ಮತ್ತೆ ಬಡಿಯುತ್ತಿತ್ತು. ಮುಚ್ಚಿಟ್ಟ ಪೆಟ್ಟಿಗೆಯೊಳಗೆ ಅದನ್ನು ಬಾಗಿಸಿದ್ದು ಯಾರು ಎಂದು ರಿಪೇರಿಯವರನ್ನು ಕೇಳಿದೆ. “ನೀವ ಹೇಳ್ಬೇಕ್ರಿ” ಅಂದರು. ಇಕ್ಕಳದಿಂದ ಸರಿಗೆಯನ್ನು ಕೂದಲೆಳೆಯಷ್ಟು ಮುಂದಕ್ಕೆ ಬಾಗಿಸಿ ಕೀ ಒತ್ತಿದೆ.

ಟಣ್. ಒಂದೇ ಸಲ. ಆಮೇಲೆ ಹಾಲ್ ತುಂಬ ನಿಶ್ಶಬ್ದ.

ಹಿಂದೆ ಪೊರಕೆ ಬಿದ್ದ ಸದ್ದಾಯಿತು. “ಅಯ್ಯ ಸರ!” ಹನುಮಕ್ಕ ಬಾಗಿಲಾಚೆಯಿಂದ ಕೂಗಿದರು. “ನಿನ್ನಿ ತನಕ ಮನುಷ್ಯಾರಿದ್ರು. ಇವತ್ತು ನೀವ ದೆವ್ವ ಮಾಡಿಟ್ರಲ್ರಿ!”

ಸೂತ್ರ ಅವರದು, ಅದನ್ನು ಒಪ್ಪಿ ಗೆದ್ದವನು ನಾನು. ಪಿಯಾನೋ ಉಳಿಯಿತು, ಮುಖ್ಯೋಪಾಧ್ಯಾಯಿನಿ ಬೆನ್ನು ತಟ್ಟಿದರು, ಮಕ್ಕಳೂ ಒಳಗೆ ಬಂದರು. ಹನುಮಕ್ಕ ಮಾತ್ರ ಬರಲಿಲ್ಲ. ಈಗ ಹಾಲ್ ಗುಡಿಸುವ ಕೆಲಸ ನನ್ನದು.

ನಿನ್ನೆ ಶಾಲೆ ಬಿಟ್ಟ ಮೇಲೆ ಗುಡಿಸುತ್ತಿದ್ದಾಗ, ಪಿಯಾನೋದ ಕಡೆಯಿಂದ ಸ್ಪಷ್ಟವಾಗಿ “ಸರ” ಎಂದು ಯಾರೋ ಕರೆದರು. ತಿರುಗಿ ನೋಡಿದರೆ ಯಾರೂ ಇಲ್ಲ. ಒಂದೇ ಕರೆಯಿಂದ ತೀರ್ಮಾನಕ್ಕೆ ಬರುವುದು ತರ್ಕಕ್ಕೆ ಒಪ್ಪದ ಮಾತು. ಆದ್ದರಿಂದ, ಕೇವಲ ತರ್ಕದ ದೃಷ್ಟಿಯಿಂದ, ನಾನು ಓ ಅನ್ನಲಿಲ್ಲ. ಪೊರಕೆ ಹಿಡಿದು ಎರಡನೆಯ ಕರೆಗಾಗಿ ಬಹಳ ಹೊತ್ತು ಕಾದೆ.