ಐದನೇ ತರಗತಿಗೆ ಸೇರಿದ ಅಪ್ಪ

ಕೆಳಗಿನ ಒಂದೊಂದು ಅಕ್ಷರವೂ ಸತ್ಯ. ಸುಳ್ಳೆಂದು ತೋರಿಸಿಕೊಟ್ಟವರಿಗೆ ನನ್ನ ಅರ್ಧ ಮೀಸೆ ಬೋಳಿಸಿ ಕೊಡುತ್ತೇನೆ. ಉಳಿದರ್ಧ ಸಾಕ್ಷಿಗೆ ಇರಲಿ.

ದರ್ಜಿಯ ಮಗಳು ಸಮುದ್ರ ನೋಡಿರಲಿಲ್ಲ. ಅವಳ ಶಾಲೆ ಐದನೇ ತರಗತಿಯವರಿಗೆ ಸಮುದ್ರ ತೋರಿಸಲು ತೀರ್ಮಾನಿಸಿತ್ತು. ಶುಕ್ರವಾರ ಸಂಜೆ ಐದರೊಳಗೆ ಪೋಷಕರು ಮಗುವಿನ ಆನ್‌ಲೈನ್ ಖಾತೆ ತೆರೆದು ‘ಒಪ್ಪಿಗೆ’ ಎಂಬ ಹಸಿರು ಗುಂಡಿ ಒತ್ತತಕ್ಕದ್ದು. ತಪ್ಪಿದರೆ ಮಗು ಪ್ರವಾಸದ ದಿನ ತರಗತಿಯಲ್ಲೇ ಕೂತು ಸಮುದ್ರದ ಮೇಲೆ ಪ್ರಬಂಧ ಬರೆಯತಕ್ಕದ್ದು. ಹುಡುಗಿ ಆಗಲೇ ಅಂಗಡಿಯ ನೀಲಿ ಬಟ್ಟೆಯ ಸುರುಳಿ ಬಿಚ್ಚಿ ನೆಲಕ್ಕೆ ಹಾಸಿ ಈಜು ಶುರುಮಾಡಿದ್ದಳು. ಗಿರಾಕಿಗಳು ದಂಡೆಯಲ್ಲಿ ನಿಂತು ಅಳತೆ ಕೊಡುತ್ತಿದ್ದರು.

ಬುಧವಾರ ದರ್ಜಿ ಶಾಲೆಯ ಪಾಸ್‌ವರ್ಡ್ ವಿಭಾಗಕ್ಕೆ ಹೋದ. ಅಲ್ಲಿನ ಮೇಡಂ ನಿಯಮ ಓದಿ ಹೇಳಿದರು. ಪಾಸ್‌ವರ್ಡ್ ಮಗುವಿನ ಖಾಸಗಿ ವಿಷಯವಾದ್ದರಿಂದ ಪೋಷಕರಿಗೆ ಕೊಡುವಂತಿಲ್ಲ. ಮಗುವಿಗಿನ್ನೂ ತಿಳಿವಳಿಕೆ ಬಾರದ್ದರಿಂದ ಮಗುವಿಗೂ ಕೊಡುವಂತಿಲ್ಲ. ಹಾಗಾದರೆ ಅದು ಯಾರಿಗೆ ಗೊತ್ತು ಎಂದು ದರ್ಜಿ ಕೇಳಿದ.

“ಯಾರಿಗೂ ಗೊತ್ತಿಲ್ಲ. ಅದಕ್ಕೇ ಇಷ್ಟು ಭದ್ರವಾಗಿರೋದು,” ಎಂದರು ಮೇಡಂ, ಹೆಮ್ಮೆಯಿಂದ.

ಆದರೆ ಮನಸ್ಸು ಬೆಣ್ಣೆ. ಪುಟ ತಿರುವಿ ದಾರಿ ಹುಡುಕಿಕೊಟ್ಟರು. ಗುಂಪು ಚಟುವಟಿಕೆಗಾಗಿ ಒಬ್ಬ ವಿದ್ಯಾರ್ಥಿ ಇನ್ನೊಬ್ಬ ವಿದ್ಯಾರ್ಥಿಯ ಖಾತೆ ತೆರೆಯಬಹುದು. ಸಮುದ್ರ ನೋಡುವುದು ಗುಂಪು ಚಟುವಟಿಕೆಯೇ.

“ನೀವೂ ವಿದ್ಯಾರ್ಥಿ ಆಗ್ಬಿಡಿ ಅಣ್ಣಾ. ಐದನೇ ಕ್ಲಾಸಲ್ಲಿ ಜಾಗ ಇದೆ.”

ದರ್ಜಿ ಗುರುವಾರ ಸೇರಿದ. ಕೊನೆಯ ಬೆಂಚು. ಸೇರಿದ ಮೇಲೆ ಅವನ ಖಾತೆ ತೆರೆಯಲು ಅವನ ಪೋಷಕರ ಒಪ್ಪಿಗೆ ಬೇಕಾಯಿತು. ಅವನ ತಾಯಿ, ಎಂದರೆ ಹುಡುಗಿಯ ಅಜ್ಜಿ, ಬಂದಳು. ಇವನು ಓದಿನಲ್ಲಿ ಹೇಗೆ ಎಂದು ಮೊದಲು ವಿಚಾರಿಸಿದಳು. ಆಮೇಲೆ ಒಪ್ಪಿಗೆ ಕೊಡಲು ಅದೇ ನಿಯಮ ಅಡ್ಡ ಬಂದು, ಅವಳೂ ಐದನೇ ತರಗತಿಗೆ ಸೇರಿದಳು. ಮುಂದಿನ ಬೆಂಚೇ ಬೇಕೆಂದು ಹಟ ಹಿಡಿದು ಗೆದ್ದಳು.

ಶುಕ್ರವಾರ ನಾಲ್ಕೂಮುಕ್ಕಾಲು. ಅಜ್ಜಿಯ ಅರ್ಜಿಯಲ್ಲಿ ‘ಪೋಷಕರು’ ಎಂಬಲ್ಲಿ ಖಾಲಿ. ಅವಳ ಅಪ್ಪ ಅಮ್ಮ ತೀರಿಕೊಂಡು ನಲವತ್ತು ವರ್ಷ. ದರ್ಜಿಯ ಬೆವರು ಕೀಲಿಮಣೆ ಮೇಲೆ ಹನಿಯಿತು.

“ಮನೇಲಿ ನಿಮ್ಮನ್ನ ಗದರಿಸೋರು ಯಾರಮ್ಮ?” ಎಂದರು ಮೇಡಂ.

“ಇನ್ಯಾರು, ಮೊಮ್ಮಗಳು.”

ಮೊಮ್ಮಗಳನ್ನೇ ಬರೆದುಕೊಂಡರು. ಅವಳು ಆಗಲೇ ವಿದ್ಯಾರ್ಥಿನಿ, ಈಗ ಪೋಷಕಿಯೂ ಆದಳು. ಅವಳು ಅಜ್ಜಿಗೆ ಒಪ್ಪಿಗೆ ಕೊಟ್ಟಳು, ಅಜ್ಜಿ ಮಗನಿಗೆ ಕೊಟ್ಟಳು. ಇನ್ನು ದರ್ಜಿ ತನಗೊಂದು ಪಾಸ್‌ವರ್ಡ್ ಇಟ್ಟುಕೊಂಡರೆ ಮುಗಿಯಿತು. ಬೇರೆ ಯಾರಿಗೂ ತಿಳಿಯದ ಸಂಖ್ಯೆಯಿರಬೇಕೆಂದು ನಿಯಮ. ದರ್ಜಿ ಹೆಡ್‌ಮಾಸ್ತರರ ಸೊಂಟದ ಅಳತೆ ಒತ್ತಿದ. ‘ಇದನ್ನು ಹೆಡ್‌ಮಾಸ್ತರರು ಬಳಸುತ್ತಿದ್ದಾರೆ’ ಎಂದು ಕಂಪ್ಯೂಟರ್ ಹೇಳಿತು. ಸೊಂಟದ ವಿಷಯದಲ್ಲೂ ಅವರು ಸತ್ಯವಂತರೆಂದು ಇಡೀ ಕಚೇರಿಗೆ ಅಂದು ಗೊತ್ತಾಯಿತು. ದರ್ಜಿ ಅವರ ತೋಳಿನ ಅಳತೆ ಹಾಕಿದ. ಅವನ ಖಾತೆ ತೆರೆಯಿತು, ಅದರೊಳಗಿಂದ ಮಗಳದ್ದೂ. ಐದಕ್ಕೆ ಒಂದು ನಿಮಿಷವಿರುವಾಗ ಹಸಿರು ಗುಂಡಿ ಒತ್ತಿದ.

ಮರುದಿನ ಬಸ್ಸಿನ ಬಾಗಿಲಲ್ಲಿ ಹೊಸ ಪ್ರಕಟಣೆ ಅಂಟಿಸಿತ್ತು: ಪೋಷಕರು ಬಸ್ಸಿನಲ್ಲಿ ಬರತಕ್ಕದ್ದಲ್ಲ, ಮೇಲ್ವಿಚಾರಣೆಗೆ ಒಬ್ಬರನ್ನು ಬಿಟ್ಟು. ಈಗ ತಾನೂ ಪೋಷಕಿಯಾಗಿದ್ದ ಹುಡುಗಿಯ ಮುಖ ಬಾಡಿತು. ಮೇಡಂ ಪಟ್ಟಿ ನೋಡಿದರು. ದರ್ಜಿಯೂ ಅಜ್ಜಿಯೂ ಈಚೆಗೆ ಸೇರಿದ್ದರಿಂದ ಅವರ ನಡತೆ ಇನ್ನೂ ತಿಳಿದಿರಲಿಲ್ಲ. ಹಳಬಳೆಂದರೆ ಹುಡುಗಿಯೇ. ಅವಳ ಕೊರಳಿಗೆ ಸೀಟಿ ಹಾಕಿ ಮುಂದಿನ ಸೀಟಿನಲ್ಲಿ ಕೂರಿಸಿದರು. ಉಳಿದಿಬ್ಬರನ್ನು ಬರೀ ವಿದ್ಯಾರ್ಥಿಗಳೆಂದು ಬರೆದುಕೊಂಡು ಹಿಂದೆ ಹತ್ತಿಸಿದರು.

“ಅಪ್ಪಾ, ಕಿಟಕಿಯಿಂದ ಕೈ ಆಚೆ ಹಾಕ್ಬೇಡ.”

“ಆಯ್ತು ಮಿಸ್,” ಎಂದ ದರ್ಜಿ.

ಹುಡುಗಿ ಸಮುದ್ರ ನೋಡಿದಳು. ಬಹಳ ಹೊತ್ತು ಸೀಟಿ ಊದುವುದನ್ನೇ ಮರೆತಳು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ, ಅಜ್ಜಿ ಮೊಣಕಾಲುದ್ದ ನೀರಿಗಿಳಿದು, ಕರೆದರೂ ಮೇಲೆ ಬರಲಿಲ್ಲ. ಹಾಗೆಂದು ಅಜ್ಜಿಯ ಶಾಲಾ ಡೈರಿಯಲ್ಲಿ ದೂರು ಬಿತ್ತು. ಕೆಳಗೆ ಪೋಷಕರ ಸಹಿ ಬೇಕಿತ್ತು. ಹುಡುಗಿ ನಿಟ್ಟುಸಿರಿಟ್ಟು ಸಹಿ ಹಾಕಿದಳು.

ದರ್ಜಿಯ ಅಂಗಡಿ ಈಗ ಶಾಲೆ ಬಿಟ್ಟ ಮೇಲೆ ತೆರೆಯುತ್ತದೆ. ಯಾರಿಗೂ ಏನೂ ಅನ್ನಿಸುವುದಿಲ್ಲ.

ಒಂದೇ ಒಂದು ಸಣ್ಣ ಸುಳ್ಳು ಸೇರಿಸಿದ್ದೇನೆ, ಒಪ್ಪಿಕೊಳ್ಳುತ್ತೇನೆ. ಅಜ್ಜಿ ಇಳಿದದ್ದು ಮೊಣಕಾಲುದ್ದಕ್ಕಲ್ಲ, ಕುತ್ತಿಗೆಯವರೆಗೆ. ನೀವು ನಂಬಲಿಕ್ಕಿಲ್ಲವೆಂದು ಕಮ್ಮಿ ಮಾಡಿದೆ.