ಚಿಯಾಂಗ್ ಮಾಯ್‌ಗೆ ಹನ್ನೆರಡು ಸೀಟು

ಟ್ರಾವೆಲ್ ಆಫೀಸಿನಲ್ಲಿ ಕುಳಿತವನು ನಗುವಿಗಾಗಿ ಎಲ್ಲಿಗೂ ಹೋಗಬೇಕಾಗಿಲ್ಲ, ಫೋನ್ ಎತ್ತಿದರೆ ಸಾಕು. ಸೌದಿಯ ರಿಯಾದಿನ ಮಲಾಜ್ ಬಡಾವಣೆಯಲ್ಲಿ ಹದಿನಾಲ್ಕು ವರ್ಷದಿಂದ ಟಿಕೆಟ್ ಮಾರುತ್ತಿದ್ದೇನೆ. ಥಾಯ್ಲೆಂಡಿನ ಉತ್ತರದಲ್ಲಿ, ಗುಡ್ಡಗಳ ನಡುವೆ ಇರುವ ಚಿಯಾಂಗ್ ಮಾಯ್ ನಗರದ ಗಲ್ಲಿಗಲ್ಲಿಯೂ ನನಗೆ ಬಾಯಿಪಾಠ. ನೋಡಿದ್ದು ಮಾತ್ರ ಬ್ರೋಷರಿನಲ್ಲಿ. ಕಳೆದ ಈದ್ ರಜೆಗೆ ಮೊದಲು ನಮ್ಮ ಮುದೀರ್, ಅಂದರೆ ಮ್ಯಾನೇಜರ್, ಒಂದು ಮಾತು ಕೊಟ್ಟ: “ಹನ್ನೆರಡು ಸೀಟು ತುಂಬಿಸು, ಹದಿಮೂರನೆಯದು ನಿನಗೆ. ಗೈಡ್ ಆಗಿ ಹೋಗು.” ಹೇಗಾದರೂ ಹೋಗಲೇಬೇಕೆಂಬ ಹುಚ್ಚು ಅಂದೇ ಹಿಡಿಯಿತು.

ಬೇಕಾದ್ದು ಎಂತ?

ಸೌದಿಯ ದಕ್ಷಿಣದ ಗುಡ್ಡದೂರು ಖಮೀಸ್ ಮುಶೈತ್‌ನಿಂದ ಒಬ್ಬ ಅಂಗಡಿಯವರು ಫೋನ್ ಮಾಡಿದರು. ನಮ್ಮ ಉಡುಪಿ ಕಡೆಯವರೇ.

“ಅಲ್ಲಿ ನೋಡ್ಲಿಕ್ಕೆ ಎಂತ ಉಂಟು ಮಾರಾಯ್ರೆ?”

“ಗುಡ್ಡ ಉಂಟು, ಮಂಜು ಉಂಟು.”

“ಅದು ಇಲ್ಲಿ ಕಿಟಕಿ ತೆಗೆದ್ರೆ ಕಾಣ್ತದೆ. ಮಂಗವೂ ಬರ್ತದೆ.”

“ಗುಡ್ಡದ ಮೇಲೆ ದೊಡ್ಡ ಬೌದ್ಧ ದೇವಸ್ಥಾನ. ಮುನ್ನೂರು ಮೆಟ್ಟಿಲು.”

“ಮೆಟ್ಟಿಲು ಹತ್ತಲಿಕ್ಕೆ ಕಾರ್ಕಳ ಸಾಲದಾ?”

“ಆನೆಗೆ ಸ್ನಾನ ಮಾಡಿಸಬಹುದು.”

“ನನ್ನ ಮಕ್ಕಳಿಗೇ ನಾನು ಮಾಡಿಸಿದ್ದಿಲ್ಲ.”

ನನಗೆ ರೇಗಿತು. “ಹಾಗಾದ್ರೆ ನಿಮಗೆ ಬೇಕಾದ್ದು ಎಂತ?”

ಅವರು ದನಿ ತಗ್ಗಿಸಿ ಹೇಳಿದರು: “ನನ್ನ ಷಡ್ಡಕ ಬಾಲಿಗೆ ಹೋಗಿ ದಿನಕ್ಕೆ ನಲ್ವತ್ತು ಫೋಟೋ ಹಾಕಿದ. ಅವನ ಹೊಟ್ಟೆ ಉರಿಯಬೇಕು. ಅಂಥ ಜಾಗವಾ ಅದು?”

“ಅಂಥದ್ದೇ” ಎಂದೆ. ಮನೆಮಂದಿ ಸೇರಿ ಐದು ಸೀಟು ತುಂಬಿತು. ನಮ್ಮವರ ಪ್ರವಾಸೋದ್ಯಮ ನಿಂತಿರುವುದೇ ಷಡ್ಡಕರ ಮೇಲೆ.

ಅಡುಗೆ ಕ್ಲಾಸ್

ಮಲಾಜ್‌ನದೇ ಒಂದು ಜೋಡಿ ಇಬ್ಬರು ಮಕ್ಕಳೊಂದಿಗೆ ಆಫೀಸಿಗೆ ಬಂತು. ಚಿಯಾಂಗ್ ಮಾಯ್‌ಗೆ ಹೋದವರೆಲ್ಲ ಥಾಯ್ ಅಡುಗೆ ಕಲಿತು ಬರುತ್ತಾರೆ, ತೋಟದಲ್ಲಿ ಸೊಪ್ಪು ಕಿತ್ತು, ಮಸಾಲೆ ಕುಟ್ಟಿ, ನಾವೇ ಮಾಡಿ ತಿನ್ನುವುದು ಎಂದು ಹುರುಪಿನಿಂದ ವರ್ಣಿಸಿದೆ.

ಹೆಂಡತಿಯ ಮುಖ ಗಂಟಾಯಿತು. “ವರ್ಷಕ್ಕೊಂದು ರಜೆ. ಅದರಲ್ಲೂ ನನ್ನನ್ನು ಒಲೆ ಮುಂದೆ ನಿಲ್ಲಿಸ್ತೀರಾ?”

ಸೀಟು ಕೈತಪ್ಪುವುದೆಂದು ನಾನು ಬೇಗ ಬೇಗ ಬ್ರೋಷರಿನ ಆನೆ ಪುಟ ತೆರೆದೆ. ಗಂಡ ದೊಡ್ಡ ಮನಸ್ಸು ಮಾಡಿ, “ಹೋಗ್ಲಿ ಬಿಡು, ಕ್ಲಾಸಿಗೆ ನಾನು ಹೋಗ್ತೇನೆ” ಎಂದ.

ಆಕೆ ನನ್ನ ಕಡೆ ತಿರುಗಿದಳು. “ಬುಕ್ ಮಾಡಿ ಸರ್. ಐದು ದಿನವೂ ಅವರಿಗೆ ಕ್ಲಾಸೇ ಇರ್ಲಿ.”

ಮಸಾಜ್

ಒಂಬತ್ತಾಯಿತು. ಇನ್ನು ಮೂರು. ಉತ್ತರದ ಮರುಭೂಮಿಯ ಊರು ಹಫ್ರ್ ಅಲ್ ಬಾತಿನ್‌ನಿಂದ ಮೂವರು ಅವಿವಾಹಿತರು ಫೋನಿನ ಸ್ಪೀಕರ್ ಹಾಕಿಕೊಂಡು ಪಿಸುಗುಟ್ಟಿದರು: “ದೇವಸ್ಥಾನ ಎಲ್ಲ ಬೇಡ. ಮಸಾಜ್ ಉಂಟಾ?”

“ಉಂಟು. ಮಹಿಳಾ ಜೈಲಿನಲ್ಲಿ ಕಲಿತು ಹೊರಗೆ ಬಂದವರು ಮಾಡ್ತಾರೆ. ಬಹಳ ಪ್ರಸಿದ್ಧ.”

ಆ ಕಡೆ ಸ್ಪೀಕರ್ ಬಂದ್ ಆಯಿತು. ಆಮೇಲೆ ಒಬ್ಬ ಕೇಳಿದ: “ಯಾವ ಕೇಸಲ್ಲಿ ಒಳಗೆ ಹೋದವರು?”

“ಅದು ಬ್ರೋಷರಿನಲ್ಲಿ ಇಲ್ಲ.”

“ಸರ್, ದೇವಸ್ಥಾನವೇ ಹಾಕಿ.”

ಖಲಾಸ್

ಹನ್ನೆರಡು ತುಂಬಿತು. ಇನ್ನು ನನಗೆ ಬೇಕಿದ್ದದ್ದು ‘ಖುರೂಜ್ ಔದಾ’, ದೇಶ ಬಿಟ್ಟು ಹೋಗಿ ಮತ್ತೆ ಬರುವ ಅನುಮತಿ. ಖುರೂಜ್ ಅಂದರೆ ಹೋಗುವುದು, ಔದಾ ಅಂದರೆ ಮರಳುವುದು. ಅದನ್ನು ಮಾಡಿಸುವವನು ಮಂದೂಬ್, ಆಫೀಸಿನ ಸರ್ಕಾರಿ ಕಾಗದಪತ್ರಕ್ಕೆ ಓಡಾಡುವ ಸೌದಿ ಪ್ರಜೆ. ಅವನಿಗೆ ಅರಬಿ ಬಿಟ್ಟರೆ ಬೇರೆ ಭಾಷೆ ಬಾರದು. ನನಗೆ ಅರಬಿ ಬರುತ್ತದೆಂಬ ಜಂಬ ಬಿಟ್ಟರೆ ಅರಬಿ ಬಾರದು.

“ಖುರೂಜ್?” ಎಂದ.

“ಖುರೂಜ್” ಎಂದೆ.

“ಖಲಾಸ್?”

‘ಇಷ್ಟೇ ತಾನೆ?’ ಎಂದು ಕೇಳಿದನೆಂದುಕೊಂಡು, ಠೀವಿಯಿಂದ “ಖಲಾಸ್!” ಎಂದೆ. ಅವನು ಕೇಳಿದ್ದು, ‘ನಿನಗೆ ಇಲ್ಲಿಯ ಕೆಲಸವೇ ಮುಗಿಯಿತೇ?’ ಎಂದು.

ಮಧ್ಯಾಹ್ನ ನನ್ನ ಫೋನಿಗೆ ಬಂದದ್ದು ಫೈನಲ್ ಎಕ್ಸಿಟ್. ಹೋಗಬಹುದು, ಬರುವ ಹಾಗಿಲ್ಲ. ಗಾಬರಿಯಿಂದ ರೂಮ್‌ಮೇಟಿಗೆ ಫೋನ್ ಮಾಡಿ ಗೋಳಾಡಿದೆ. “ಧೈರ್ಯ ತಗೋ ಮಾರಾಯ” ಎಂದ ಪುಣ್ಯಾತ್ಮ. ಅರ್ಧ ಗಂಟೆ ಬಿಟ್ಟು ಮುದೀರ್ ಹತ್ತಿರ ಹೋದರೆ, ನನ್ನ ಕೆಲಸಕ್ಕೆ ಆ ರೂಮ್‌ಮೇಟನ ಅರ್ಜಿ ಆಗಲೇ ಬಂದಿತ್ತು. ಪರಿಚಯಸ್ಥರ ಹೆಸರು ಕೇಳಿದ ಜಾಗದಲ್ಲಿ ನನ್ನ ಹೆಸರನ್ನೇ ಬರೆದಿದ್ದ.

ಆ ಫೈನಲ್ ಎಕ್ಸಿಟ್ ರದ್ದು ಮಾಡಿಸಿ ಹೊಸ ಅನುಮತಿ ಕೈಗೆ ಬರುವಾಗ ವಿಮಾನ ಹಾರಿಯಾಗಿತ್ತು. ನನ್ನ ಸೀಟಿನಲ್ಲಿ ಗೈಡ್ ಆಗಿ ಹೋದವನು ಮಂದೂಬ್. ಅವನು ಸೌದಿ, ಅವನಿಗೆ ಯಾವ ಖುರೂಜೂ ಬೇಡ. ಆ ವಾರವಿಡೀ ನನಗೆ ಅನ್ನ ಸೇರಲಿಲ್ಲ. ಇದ್ದ ಸಮಾಧಾನ ಒಂದೇ: ಅವನಿಗೆ ಆ ಊರಿನ ಬಗ್ಗೆ ಒಂದಕ್ಷರ ಗೊತ್ತಿಲ್ಲ. ಜನ ವಾಪಸ್ ಬಂದು ಚೆನ್ನಾಗಿ ಬಯ್ಯುತ್ತಾರೆ, ಆಗ ಮುದೀರ್‌ಗೆ ನನ್ನ ಬೆಲೆ ತಿಳಿಯುತ್ತದೆ.

ವಾಪಸ್ ಬಂದರು. ಗಂಡನನ್ನು ಅಡುಗೆ ಕ್ಲಾಸಿಗೆ ಅಟ್ಟಿದಾಕೆ ಸೀದಾ ಆಫೀಸಿಗೇ ಬಂದಳು. ನಾನು ಮುದೀರ್‌ನನ್ನೂ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡೆ.

“ಎಂಥ ಒಳ್ಳೆ ಗೈಡ್ ಸರ್!” ಎಂದಳು. “ಅವರ ಮಾತು ನಮಗೆ ಒಂದೂ ಅರ್ಥ ಆಗ್ಲಿಲ್ಲ. ಹಾಗಾಗಿ ಊರೆಲ್ಲ ಆರಾಮಾಗಿ ನೋಡ್ಲಿಕ್ಕಾಯ್ತು. ಮುಂದಿನ ಸಲವೂ ಅವರನ್ನೇ ಕಳಿಸಿ. ನೀವು ಇಲ್ಲೇ ಇರಿ.”